ಎಲೆ ಬಂದರೂ ಗಡ್ಡೆ ಕಟ್ಟದ ಈರುಳ್ಳಿ: ಈ ಚಳಿಗಾಲಕ್ಕೆ ತಾರಸಿಯಲ್ಲಿ ಏನು ಮಾಡಬೇಕು?

ಮೈಸೂರು ತಾರಸಿ, ಆಗಸ್ಟ್ 30

ಎಲ್ಲರಿಗೂ ನಮಸ್ಕಾರ. ಕಳೆದ ಚಳಿಗಾಲದಲ್ಲಿ ನಮ್ಮ ತಾರಸಿಯಲ್ಲಿ ಮೊದಲ ಬಾರಿಗೆ ಈರುಳ್ಳಿ ಬೆಳೆಯಲು ಹೋಗಿ ಸೋತೆ. ಎಲ್ಲಿ ತಪ್ಪಾಯಿತೆಂದು ತಿಳಿಯದೆ ಮತ್ತೆ ಕೈ ಹಾಕಲು ಮನಸ್ಸಾಗುತ್ತಿಲ್ಲ. ನವೆಂಬರ್ ಮೊದಲ ವಾರ ಬೀಜ ಚೆಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಸಸಿಗಳನ್ನು ಕಿತ್ತು, ಎರಡು ಅಡಿ ಉದ್ದ, ಎರಡು ಅಡಿ ಅಗಲದ ನಾಲ್ಕು ಚೀಲಗಳಲ್ಲಿ ನಾಟಿ ಮಾಡಿದೆ. ಕೆಂಪು ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಮತ್ತು ಸ್ವಲ್ಪ ಬೇವಿನ ಹಿಂಡಿ ಸೇರಿಸಿದ ಮಣ್ಣದು. ಗಿಡಗಳು ಎಷ್ಟು ಚೆನ್ನಾಗಿ ಬಂದವೆಂದರೆ, ಫೆಬ್ರವರಿಯ ಹೊತ್ತಿಗೆ ಎಲೆಗಳು ಮೊಣಕಾಲೆತ್ತರಕ್ಕೆ ನಿಂತಿದ್ದವು, ನೋಡಿದವರೆಲ್ಲ ಹೊಗಳಿದರು. ಏಪ್ರಿಲ್ ಕೊನೆಯವರೆಗೆ ಕಾದು ಕಿತ್ತು ನೋಡಿದಾಗ ಬುಡದಲ್ಲಿ ಗಡ್ಡೆಯೇ ಇರಲಿಲ್ಲ. ಹೆಬ್ಬೆರಳು ದಪ್ಪದ ಬಿಳಿಯ ಕಾಂಡ, ಅಷ್ಟೇ.

ಪಕ್ಕದ ಮನೆಯವರು ಗೊಬ್ಬರ ಹೆಚ್ಚಾಯಿತು ಎಂದರು. ಗೊಬ್ಬರದ ಅಂಗಡಿಯವರು ಪೊಟ್ಯಾಷ್ ಸಾಲಲಿಲ್ಲ ಎಂದರು. ನಮ್ಮ ಯಜಮಾನರು ಚೀಲದ ಆಳ ಸಾಲಲಿಲ್ಲ ಎನ್ನುತ್ತಾರೆ. ಚೀಲದಲ್ಲಿ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಮಣ್ಣಿತ್ತು. ಇವುಗಳಲ್ಲಿ ಯಾವುದು ನಿಜ? ಈರುಳ್ಳಿಯ ಜೊತೆಗೆ ಚಳಿಗಾಲದಲ್ಲಿ ಬೇರೆ ಏನನ್ನು ಹಾಕಬಹುದು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಧಾರವಾಡ ಹಿತ್ತಲು, ಆಗಸ್ಟ್ 30

ಅಕ್ಕನವರೇ, ಆಳದ ಮಾತನ್ನು ಬಿಟ್ಟುಬಿಡಿ. ಉಳ್ಳಾಗಡ್ಡಿಯ ಬೇರು ಬಹುಪಾಲು ಮೇಲಿನ ಒಂದು ಗೇಣು ಮಣ್ಣಿನಲ್ಲಿಯೇ ಇರುತ್ತದೆ, ಆದ್ದರಿಂದ ನಿಮ್ಮ ಚೀಲಗಳು ಸಾಕಾಗುತ್ತವೆ. ಗೊಬ್ಬರ ಹೆಚ್ಚಾದರೆ ಕುತ್ತಿಗೆ ದಪ್ಪವಾಗಿ ಗಡ್ಡೆ ತಡವಾಗುತ್ತದೆ ಎಂಬುದು ಸತ್ಯವೇ. ಆದರೆ ನಾಲ್ಕು ಚೀಲಗಳ ಎಲ್ಲ ಗಿಡಗಳಲ್ಲಿಯೂ ಒಂದೇ ಒಂದು ಗಡ್ಡೆ ಇಲ್ಲವೆಂದರೆ ಕಾರಣ ಬೇರೆ ಇರಬೇಕು. ಬೀಜ ಯಾವುದು, ಎಲ್ಲಿಂದ ತಂದಿರಿ ಎಂಬುದನ್ನು ಮೊದಲು ಹೇಳಿರಿ.

ಮೈಸೂರು ತಾರಸಿ, ಆಗಸ್ಟ್ 31

ಬೀಜವನ್ನು ನನ್ನ ತಮ್ಮ ತಂದುಕೊಟ್ಟಿದ್ದ. ಅವನು ಷಿಕಾಗೋದಲ್ಲಿದ್ದಾನೆ. ಅವನ ಮನೆಯ ಹಿಂದಿನ ತೋಟದಲ್ಲಿ ಅದೇ ಬೀಜದಿಂದ ಒಂದೊಂದು ಕಾಲು ಕಿಲೋ ತೂಗುವ ಹಳದಿ ಈರುಳ್ಳಿ ಬಂದಿತ್ತು, ಅದರ ಚಿತ್ರವನ್ನೂ ಕಳುಹಿಸಿದ್ದ. ಬೀಜ ಕೆಟ್ಟದ್ದೆಂದು ಹೇಳಲಾರೆ, ಬಿತ್ತಿದ್ದರಲ್ಲಿ ಮುಕ್ಕಾಲು ಪಾಲು ಮೊಳಕೆ ಬಂದಿತ್ತು.

ಡಲ್ಲಾಸ್ ಕನ್ನಡಿಗ, ಆಗಸ್ಟ್ 31

ಬೀಜ ಒಳ್ಳೆಯದೇ, ಅದನ್ನು ಬಿತ್ತಿದ ಊರು ಮಾತ್ರ ಅದರದಲ್ಲ. ಈ ಪಾಠಕ್ಕೆ ನಾನೂ ಎರಡು ವರ್ಷ ತೆತ್ತಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಈರುಳ್ಳಿ ಗಡ್ಡೆ ಕಟ್ಟಲು ಆರಂಭಿಸುವುದು ಹಗಲಿನ ಉದ್ದವನ್ನು ನೋಡಿ. ಹಗಲು ಒಂದು ಮಿತಿಯನ್ನು ಮುಟ್ಟಿದ ಮೇಲೆಯೇ ಗಿಡವು ಹೊಸ ಎಲೆ ಬಿಡುವುದನ್ನು ನಿಲ್ಲಿಸಿ ಎಲೆಗಳ ಬುಡವನ್ನು ಉಬ್ಬಿಸತೊಡಗುತ್ತದೆ. ಆ ಮಿತಿ ತಳಿಯಿಂದ ತಳಿಗೆ ಬೇರೆ. ಷಿಕಾಗೋದಂತಹ ಉತ್ತರದ ಊರುಗಳಲ್ಲಿ ಬೆಳೆಯುವ ದೀರ್ಘ ಹಗಲಿನ ತಳಿಗಳಿಗೆ 14 ಗಂಟೆ ಅಥವಾ ಅದಕ್ಕಿಂತ ಹೆಚ್ಚಿನ ಹಗಲು ಬೇಕು. ಅಲ್ಲಿ ಜೂನ್ ತಿಂಗಳ ಹಗಲು 15 ಗಂಟೆಗೂ ಮೀರುವುದರಿಂದ ತಮ್ಮನವರ ತೋಟದಲ್ಲಿ ಗಡ್ಡೆ ಬಂದಿತು. ಮೈಸೂರಿನಲ್ಲಿ ವರ್ಷದ ಅತಿ ಉದ್ದದ ಹಗಲು ಕೂಡ 13 ಗಂಟೆಯನ್ನು ಮುಟ್ಟುವುದಿಲ್ಲ, ಅತಿ ಚಿಕ್ಕದು ಹನ್ನೊಂದೂಕಾಲು ಗಂಟೆಗಿಂತ ಕೆಳಗೆ ಇಳಿಯುವುದಿಲ್ಲ. ನಿಮ್ಮ ಗಿಡಗಳು ತಮಗೆ ಬೇಕಾದ ಬೇಸಿಗೆಗಾಗಿ ಕಾಯುತ್ತ ಎಲೆ ಬಿಡುತ್ತಲೇ ಇದ್ದವು. ಇನ್ನೂ ಒಂದು ವರ್ಷ ಕಾದಿದ್ದರೂ ಆ ಹಗಲು ನಿಮ್ಮ ತಾರಸಿಗೆ ಬರುತ್ತಿರಲಿಲ್ಲ.

ನಾವಿರುವ ಟೆಕ್ಸಾಸ್‌ನಲ್ಲಿಯೂ ಕಡಿಮೆ ಹಗಲಿನ ತಳಿಗಳನ್ನೇ ಚಳಿಗಾಲದುದ್ದಕ್ಕೂ ಬೆಳೆದು ಮೇ ತಿಂಗಳಿನಲ್ಲಿ ಕೀಳುತ್ತಾರೆ. ಇಲ್ಲಿ ಹೆಸರಾದ ಸಿಹಿ ಈರುಳ್ಳಿಗೆ ‘1015’ ಎಂದು ಹೆಸರು, ಏಕೆಂದರೆ ಅದನ್ನು ಹತ್ತನೆಯ ತಿಂಗಳ 15ರಂದು ಬಿತ್ತಬೇಕು ಎಂಬ ಲೆಕ್ಕ. ಬಿತ್ತನೆಯ ದಿನಾಂಕವನ್ನೇ ತಳಿಯ ಹೆಸರಾಗಿಸಿದವರ ಬುದ್ಧಿಯನ್ನು ನಾನು ಮೆಚ್ಚುತ್ತೇನೆ. ಹಾಗೆಂದು ಈ ಬೀಜವನ್ನು ಯಾರೂ ಊರಿಗೆ ಹೊತ್ತುಕೊಂಡು ಹೋಗಬೇಕಾಗಿಲ್ಲ, ನಮ್ಮ ನಾಡಿನಲ್ಲಿ ಬೆಳೆಯುವ ತಳಿಗಳೆಲ್ಲ ಕಡಿಮೆ ಹಗಲಿನವೇ.

ಧಾರವಾಡ ಹಿತ್ತಲು, ಸೆಪ್ಟೆಂಬರ್ 1

ಡಲ್ಲಾಸಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಅದರ ಮುಂದಿನ ಮಾತನ್ನು ನಾನು ಸೇರಿಸುತ್ತೇನೆ, ಏಕೆಂದರೆ ತಳಿ ಸರಿಯಾದರೂ ತಿಂಗಳು ತಪ್ಪಿದರೆ ಗಡ್ಡೆ ಗೋಲಿಯಷ್ಟೇ ಆಗುತ್ತದೆ.

ಉಳ್ಳಾಗಡ್ಡಿಯನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಬಳೆಗಳು ಬಹುಮಟ್ಟಿಗೆ ಒಂದೊಂದು ಎಲೆಯ ಬುಡ. ಗಡ್ಡೆ ಕಟ್ಟುವುದಕ್ಕೆ ಮುಂಚೆ ಗಿಡ ಎಷ್ಟು ಎಲೆ ಬಿಟ್ಟಿದೆಯೋ ಗಡ್ಡೆಯ ಗಾತ್ರವೂ ಅದಕ್ಕೆ ತಕ್ಕಂತೆ ಇರುತ್ತದೆ. ನಮ್ಮ ತಳಿಗಳಿಗೆ ಬೇಕಾದ ಹಗಲು ನಮ್ಮಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಇರುವುದರಿಂದ ಅವುಗಳಿಗೆ ಕಾಯುವ ಪ್ರಮೇಯವೇ ಇಲ್ಲ. ಫೆಬ್ರವರಿಯ ಬಿಸಿಲು ಏರಿದೊಡನೆ ಗಿಡ ಚಿಕ್ಕದಿರಲಿ, ದೊಡ್ಡದಿರಲಿ, ಗಡ್ಡೆ ಕಟ್ಟಲು ಅವಸರಪಡುತ್ತದೆ. ಅಷ್ಟರೊಳಗೆ ಎಂಟು ಹತ್ತು ಎಲೆಗಳು ಬಂದಿರಬೇಕಾದರೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಬೀಜ ಚೆಲ್ಲಿ, ಆರೇಳು ವಾರಗಳ ಅಗಿಯನ್ನು, ಅಂದರೆ ಸಸಿಗಳನ್ನು, ನವೆಂಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದೊಳಗೆ ಹಚ್ಚಬೇಕು. ಡಿಸೆಂಬರ್ ಕೊನೆಗೆ ಹಚ್ಚಿದ್ದು ನಿಮ್ಮ ಎರಡನೆಯ ತಪ್ಪು, ಆದರೆ ಮೊದಲನೆಯ ತಪ್ಪಿನಿಂದಾಗಿ ಅದು ಕಾಣಿಸಿಕೊಳ್ಳಲಿಲ್ಲ.

ಹಿಂಗಾರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನ್ ತಳಿಯನ್ನು ತೆಗೆದುಕೊಳ್ಳಿರಿ. ಅದು ಚೆನ್ನಾಗಿ ಒಣಗಿದರೆ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಅದೇ ಸಂಸ್ಥೆಯ ಅರ್ಕಾ ಕಲ್ಯಾಣ್ ಹೆಚ್ಚಾಗಿ ಮುಂಗಾರಿಗೆ ಹೊಂದುವಂಥದ್ದು. ಒಂದು ಗ್ರಾಂನಲ್ಲಿ ಸುಮಾರು 250ರಿಂದ 300 ಬೀಜಗಳಿರುತ್ತವೆ, ಆದ್ದರಿಂದ ನಿಮಗೆ ಒಂದು ಗ್ರಾಂ ಸಾಕು. ಅಂಗಡಿಯಲ್ಲಿ ಪೊಟ್ಟಣದ ಮೇಲಿನ ದಿನಾಂಕವನ್ನು ನೋಡದೆ ಕೊಳ್ಳಬೇಡಿರಿ. ಉಳ್ಳಾಗಡ್ಡಿ ಬೀಜ ವರ್ಷ ಕಳೆದರೆ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ 20 ಬೀಜ ಸುತ್ತಿಟ್ಟು ಹತ್ತು ದಿನ ನೋಡಿದರೆ ಅದರ ಯೋಗ್ಯತೆ ತಿಳಿಯುತ್ತದೆ.

ಅಗಿಯ ಮಡಿಗೆ ನೀರು ನಿಲ್ಲಬಾರದು, ನಿಂತರೆ ಬುಡ ಕೊಳೆತು ಸಸಿಗಳು ರಾತ್ರೋರಾತ್ರಿ ಮಲಗುತ್ತವೆ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಗೊಬ್ಬರದಲ್ಲಿ ಬೆರೆಸಿ ಹಾಕಿದರೆ ಈ ಕಾಟ ಕಡಿಮೆಯಾಗುತ್ತದೆ. ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ ನಾಲ್ಕು ಬೆರಳು ಬಿಟ್ಟು ಒಂದು ಬೆರಳಿನ ಗೆಣ್ಣಿನಷ್ಟು ಆಳಕ್ಕೆ ಮಾತ್ರ ನೆಡಿರಿ. ಮೂಲಂಗಿಗೆ ಮಾಡಿದಂತೆ ಇದಕ್ಕೆ ಮಣ್ಣು ಏರಿಸಬಾರದು, ಗಡ್ಡೆ ಮಣ್ಣಿನ ಮೇಲೆ ಎದ್ದು ಕಾಣುವುದೇ ಲಕ್ಷಣ. ಸಾರಜನಕದ ಗೊಬ್ಬರವೆಲ್ಲ ನಾಟಿಯಾದ ಮೊದಲ ಆರು ವಾರಗಳಲ್ಲಿ ಮುಗಿಯಲಿ.

ಯಲಹಂಕ ಕೈತೋಟ, ಸೆಪ್ಟೆಂಬರ್ 2

ಇಷ್ಟೆಲ್ಲ ತಾಪತ್ರಯ ಏಕೆ? ಅಡುಗೆಮನೆಯಲ್ಲಿ ಮೊಳಕೆ ಬಂದ ಈರುಳ್ಳಿಯನ್ನೇ ನಾನು ಕುಂಡದಲ್ಲಿ ಹೂಳುತ್ತೇನೆ, ಹದಿನೈದು ದಿನಗಳಲ್ಲಿ ಗಿಡವಾಗುತ್ತದೆ.

ಧಾರವಾಡ ಹಿತ್ತಲು, ಸೆಪ್ಟೆಂಬರ್ 2

ಗಿಡವಾಗುತ್ತದೆ, ಗಡ್ಡೆಯಾಗುವುದಿಲ್ಲ. ಉಳ್ಳಾಗಡ್ಡಿ ಎರಡು ಹಂತಗಳಲ್ಲಿ ಬಾಳುವ ಗಿಡ: ಬೀಜದಿಂದ ಗಡ್ಡೆ, ಗಡ್ಡೆಯಿಂದ ಹೂವು. ಹೂಳಿದ ಗಡ್ಡೆ ಒಳಗಿನ ಎರಡು ಮೂರು ಸುಳಿಗಳಿಂದ ಒಡೆದು, ಚಳಿ ತಾಗಿದೊಡನೆ ಹೂವಿನ ದಂಡನ್ನು ಎತ್ತುತ್ತದೆ. ಬೀಜ ಮಾಡುವವರು ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಗಡ್ಡೆ ಹಚ್ಚುವುದು ಇದೇ ಕಾರಣಕ್ಕೆ. ತಪ್ಪಲು (ಎಲೆ) ಪಲ್ಯಕ್ಕೆ ಬೇಕಾದರೆ ಧಾರಾಳವಾಗಿ ಹೂಳಿರಿ, ನಮ್ಮ ಮನೆಯಲ್ಲಿಯೂ ಒಂದು ಮೂಲೆ ಅದಕ್ಕೇ ಮೀಸಲು.

ಯಲಹಂಕ ಕೈತೋಟ, ಸೆಪ್ಟೆಂಬರ್ 3

ಒಪ್ಪಿದೆ. ನನ್ನ ಕುಂಡಗಳಲ್ಲಿ ಹೂವು ಬಂದಾಗ ಅದನ್ನು ಬೆಳವಣಿಗೆಯೆಂದೇ ತಿಳಿದು ಸಂತೋಷಪಟ್ಟಿದ್ದೆ. ಹಾಗಾದರೆ ನಮ್ಮ ಕಡೆಯ ಗುಲಾಬಿ ಈರುಳ್ಳಿಯನ್ನು ತಾರಸಿಯಲ್ಲಿ ಬೆಳೆಯಬಹುದೇ? ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಈ ಈರುಳ್ಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬೆಳೆದದ್ದರಲ್ಲಿ ಬಹಳಷ್ಟು ಮಲೇಷ್ಯಾ, ಸಿಂಗಪುರಗಳಿಗೆ ಹೋಗುವುದರಿಂದ ಇಲ್ಲಿಯ ಸಂತೆಯಲ್ಲಿ ಅದನ್ನು ಹುಡುಕಬೇಕಾಗುತ್ತದೆ.

ಧಾರವಾಡ ಹಿತ್ತಲು, ಸೆಪ್ಟೆಂಬರ್ 3

ಬೆಳೆಯಬಹುದು. ಗಡ್ಡೆ ಚಿಕ್ಕದು, ಖಾರ ಹೆಚ್ಚು, ಆದ್ದರಿಂದ ಗಿಡಗಳ ನಡುವೆ ಮೂರು ಬೆರಳಿನ ಅಂತರ ಸಾಕು. ಸಾಂಬಾರಿಗೆ ಇಡಿಯಾಗಿ ಹಾಕುವವರಿಗೆ ಅದಕ್ಕಿಂತ ಚೆಂದದ್ದು ಬೇರೆ ಇಲ್ಲ.

ಕುಮಟಾ ಕಡಲಕರೆ, ಸೆಪ್ಟೆಂಬರ್ 5

ನಮ್ಮ ಕಡೆ ಈರುಳ್ಳಿಯನ್ನು ನೀರುಳ್ಳಿ ಎನ್ನುತ್ತಾರೆ. ಅಳ್ವೆಕೋಡಿ, ಹಂದಿಗೋಣದ ಸುತ್ತಮುತ್ತ ಭತ್ತದ ಕೊಯ್ಲಾದ ಮೇಲೆ ಅದೇ ಗದ್ದೆಯ ಮರಳು ಬೆರೆತ ಮಣ್ಣಿನಲ್ಲಿ ನೀರುಳ್ಳಿಯನ್ನು ಬೆಳೆಯುತ್ತಾರೆ. ಮಾರ್ಚ್, ಏಪ್ರಿಲ್ ಬಂತೆಂದರೆ ಹೆದ್ದಾರಿ 66ರ ಎರಡೂ ಬದಿಯಲ್ಲಿ ಒಣಗಿದ ಎಲೆಗಳಿಂದಲೇ ಹೆಣೆದ ಗೊಂಚಲುಗಳು ತೂಗಾಡುವುದನ್ನು ದಾರಿಹೋಕರೆಲ್ಲ ನೋಡಿರುತ್ತಾರೆ. ಇದು ಹಸಿಯಾಗಿ ತಿನ್ನುವಷ್ಟು ಸಿಹಿ, ಕತ್ತರಿಸುವಾಗ ಕಣ್ಣೀರೂ ಕಡಿಮೆ.

ಮಣ್ಣಿನಲ್ಲಿ ಗಂಧಕ ಎಷ್ಟಿದೆ ಎಂಬುದೂ ಈರುಳ್ಳಿಯ ಖಾರವನ್ನು ಒಂದು ಮಟ್ಟಿಗೆ ನಿರ್ಧರಿಸುತ್ತದೆ. ಆದ್ದರಿಂದ ನಮ್ಮ ಬೀಜವನ್ನು ಒಯ್ದು ಬೇರೆ ಮಣ್ಣಿನಲ್ಲಿ ಹಾಕಿದರೆ ಅಷ್ಟೇ ಸಿಹಿ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಗೊಂಚಲು ಹೆಣೆಯುವುದನ್ನು ಮಾತ್ರ ಎಲ್ಲರೂ ಕಲಿಯಬಹುದು. ಅದು ಅಲಂಕಾರಕ್ಕಾಗಿ ಹುಟ್ಟಿದ ಕೆಲಸವಲ್ಲ. ತೂಗುಹಾಕಿದ ಗಡ್ಡೆಗೆ ಸುತ್ತಲೂ ಗಾಳಿಯಾಡುವುದರಿಂದ ಕರಾವಳಿಯ ತೇವದಲ್ಲಿಯೂ ಅದು ಬೇಗ ಕೊಳೆಯುವುದಿಲ್ಲ.

ಚಿಂತಾಮಣಿ ಅವರೆಬಳ್ಳಿ, ಸೆಪ್ಟೆಂಬರ್ 6

ಈರುಳ್ಳಿಯ ಜೊತೆಗೆ ಏನು ಹಾಕಬೇಕೆಂಬ ಪ್ರಶ್ನೆ ಹಾಗೆಯೇ ಉಳಿದಿದೆ. ನನ್ನ ಮಟ್ಟಿಗೆ ಚಳಿಗಾಲವೆಂದರೆ ಅವರೆ. ಇಲ್ಲಿ ಹಗಲಿನ ಉದ್ದದ ಮಾತು ಬಂದಿರುವುದರಿಂದ ಹೇಳುತ್ತೇನೆ, ನಾಟಿ ಅವರೆಗೂ ಅದೇ ಲೆಕ್ಕ, ಆದರೆ ತಿರುಗುಮುರುಗು. ಹಗಲು ಕಿರಿದಾಗುತ್ತ ಬಂದಾಗಲೇ ಅದು ಹೂವು ಬಿಡುತ್ತದೆ. ಜುಲೈನಲ್ಲಿ ಬಿತ್ತಿದ ಬಳ್ಳಿಯೂ ಸೆಪ್ಟೆಂಬರ್‌ನಲ್ಲಿ ಬಿತ್ತಿದ ಬಳ್ಳಿಯೂ ಹೆಚ್ಚುಕಡಿಮೆ ಒಟ್ಟಿಗೇ ಹೂವಾಗುವುದನ್ನು ನಮ್ಮ ಹೊಲದಲ್ಲಿ ನೋಡಿದ್ದೇನೆ. ತಡವಾಗಿ ಬಿತ್ತಿದ್ದು ಗಿಡ್ಡವಾಗಿ ಉಳಿಯುತ್ತದೆ. ತಾರಸಿಯವರಿಗೆ ಇದು ಅನುಕೂಲವೇ ಸರಿ, ಆದ್ದರಿಂದ ನೀವು ಈಗ ಬಿತ್ತಿದರೂ ತಡವಾಗಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ತಳಿಗಳಿಗೆ ಹಗಲಿನ ಹಂಗಿಲ್ಲ, ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತವೆ. ಆದರೆ ಇಬ್ಬನಿ ಬಿದ್ದ ನಾಟಿ ಅವರೆಯ ಸೊಗಡನ್ನು ತಿಂದು ಬೆಳೆದ ನಾಲಿಗೆಗೆ ಅವು ಸಪ್ಪೆಯೆನಿಸುತ್ತವೆ. ಇದು ನನ್ನ ಪಕ್ಷಪಾತವೆಂದೇ ಇಟ್ಟುಕೊಳ್ಳಿ.

ಕಾಳು ಜಾತಿಯ ಗಿಡಗಳ ಪಕ್ಕದಲ್ಲಿ ಈರುಳ್ಳಿ ಏಳುವುದಿಲ್ಲ ಎಂದು ಅನೇಕರು ಹೇಳುತ್ತಾರೆ. ನಾನು ಕಂಡ ಮಟ್ಟಿಗೆ ತೊಂದರೆ ಕೊಡುವುದು ಬಳ್ಳಿಯ ನೆರಳು ಮಾತ್ರ. ಅವರೆಯನ್ನು ತಾರಸಿಯ ಉತ್ತರದ ಗೋಡೆಗೆ ಹಬ್ಬಿಸಿದರೆ ಚಳಿಗಾಲದ ದಕ್ಷಿಣದ ಬಿಸಿಲು ಈರುಳ್ಳಿಯ ಚೀಲಗಳಿಗೆ ಪೂರ್ತಿಯಾಗಿ ಸಿಗುತ್ತದೆ. ಎಳೆಯ ತುದಿಗಳಿಗೆ ಕಪ್ಪು ಹೇನು ಮುತ್ತಿದಾಗ ಗಾಬರಿಯಾಗಿ ವಿಷ ಹೊಡೆಯಬೇಡಿ, ಗುಲಗಂಜಿ ಹುಳು ಬಂದು ತಿನ್ನಲು ಒಂದು ವಾರ ಅವಕಾಶ ಕೊಡಿ.

ಬೀದರ ಹೊಲಗದ್ದೆ, ಸೆಪ್ಟೆಂಬರ್ 8

ನಮ್ಮಲ್ಲಿ ಚಳಿ ಮೈಸೂರಿಗಿಂತ ಗಟ್ಟಿ, ಕೆಲವು ರಾತ್ರಿ 10 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಹೀಗಾಗಿ ಬಟಾಣಿ ನಮಗೆ ಒಲಿದಷ್ಟು ನಿಮಗೆ ಒಲಿಯಲಾರದು, ಹೂವಿನ ಹೊತ್ತಿಗೆ ಬಿಸಿಲು 30 ಡಿಗ್ರಿ ದಾಟಿದರೆ ಹೂವು ಉದುರುತ್ತದೆ. ಆದರೂ ಆರ್ಕೆಲ್‌ನಂತಹ ಅಲ್ಪಾವಧಿಯ ತಳಿಯನ್ನು ನವೆಂಬರ್ ಆರಂಭದಲ್ಲಿ ಹಾಕಿದರೆ ಬೂದಿ ರೋಗ ಬರುವುದರೊಳಗೆ ಎರಡು ಕೊಯ್ಲಾದರೂ ಸಿಗುತ್ತದೆ. ಗಜ್ಜರಿಯನ್ನು (ಕ್ಯಾರೆಟ್) ಮಾತ್ರ ಕಿತ್ತು ನೆಡಬೇಡಿರಿ, ಬೀಜವನ್ನು ನೇರವಾಗಿ ಬಿತ್ತಿ ಮೊಳಕೆ ಬರುವ ತನಕ ಒದ್ದೆ ಗೋಣಿಚೀಲ ಹೊದಿಸಿರಿ. ಹಸಿ ಸಗಣಿ ಗೊಬ್ಬರ ಹಾಕಿದ ಮಣ್ಣಿನಲ್ಲಿ ಅದು ಎರಡು ಮೂರು ಕಾಲು ಒಡೆಯುತ್ತದೆ. ದಕ್ಷಿಣದವರಿಗೆ ಅರ್ಕಾ ಸೂರಜ್ ತಳಿ ಹೊಂದುತ್ತದೆ. ಕೊತ್ತಂಬರಿಯನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಹಾಕಿರಿ.

ನಮ್ಮ ಹಿತ್ತಲಿನ ಲೆಕ್ಕವೆಲ್ಲ ಎಳ್ಳಮಾವಾಸ್ಯೆಯ ಭಜ್ಜಿ ಪಲ್ಯಕ್ಕಾಗಿ. ಆ ದಿನ ಹೊಲದಲ್ಲಿ ಊಟಕ್ಕೆ ಕೂರುವಾಗ ಭಜ್ಜಿಯೊಳಗೆ ಹಸಿ ಕಾಳು, ಮೆಂತ್ಯ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು ಎಲ್ಲವೂ ಮನೆಯದೇ ಇರಬೇಕೆಂದು ನಮ್ಮ ಅವ್ವ ಹಿಡಿದ ಹಠವೇ ನಮ್ಮ ಬಿತ್ತನೆಯ ಪಂಚಾಂಗವಾಗಿದೆ.

ಯಲಹಂಕ ಕೈತೋಟ, ಸೆಪ್ಟೆಂಬರ್ 8

ಎಲೆಕೋಸು ಹಾಕುವವರು ಅದರ ಪಕ್ಕದಲ್ಲಿ ಹದಿನೈದು ದಿನ ಮೊದಲೇ ಒಂದು ಸಾಲು ಸಾಸಿವೆ ಬಿತ್ತಬೇಕು. ಕೋಸಿನ ಎಲೆ ಜರಡಿ ಮಾಡುವ ಪತಂಗ ಸಾಸಿವೆಯನ್ನೇ ಹೆಚ್ಚು ಮೆಚ್ಚಿ ಅಲ್ಲಿ ಮೊಟ್ಟೆಯಿಡುತ್ತದೆ. ನನಗೆ ತಾರಸಿಯಲ್ಲಿ ಕೋಸಿಗಿಂತ ನವಿಲುಕೋಸು ಲಾಭವೆನಿಸಿತು, ಎರಡೇ ತಿಂಗಳಲ್ಲಿ ಜಾಗ ಖಾಲಿಯಾಗುತ್ತದೆ.

ಮೈಸೂರು ತಾರಸಿ, ಜನವರಿ 28

ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಅರ್ಕಾ ನಿಕೇತನ್ ಬೀಜವನ್ನು ಅಕ್ಟೋಬರ್ 4ರಂದು ಚೆಲ್ಲಿ, ನವೆಂಬರ್ 20ರಂದು ನಾಲ್ಕು ಚೀಲಗಳಿಗೆ ಚೀಲಕ್ಕೆ 36ರಂತೆ 144 ಸಸಿಗಳನ್ನು ನೆಟ್ಟೆ. ಈಗ ಬುಡ ಉಬ್ಬತೊಡಗಿದೆ. ಆದರೆ ಒಂದು ವಾರದಿಂದ ಎಲೆಗಳ ಮೇಲೆ ಬೆಳ್ಳಿಯ ಬಣ್ಣದ ಗೆರೆಗಳು ಕಾಣುತ್ತಿವೆ, ಕೆಲವು ತುದಿಗಳು ಒಣಗುತ್ತಿವೆ. ನಮ್ಮ ಅತ್ತೆಯವರು ಎಲೆಗಳನ್ನು ಬಗ್ಗಿಸಿ ಗಂಟು ಹಾಕು, ಸತ್ವವೆಲ್ಲ ಗಡ್ಡೆಗೆ ಇಳಿಯುತ್ತದೆ ಎನ್ನುತ್ತಾರೆ. ಹಾಗೆ ಮಾಡಲೇ?

ಧಾರವಾಡ ಹಿತ್ತಲು, ಜನವರಿ 28

ಗಂಟು ಹಾಕಬೇಡಿರಿ. ನಮ್ಮ ಅಜ್ಜಿಯೂ ಹಾಗೆಯೇ ಮಾಡುತ್ತಿದ್ದರು, ನಾವು ಚಿಕ್ಕವರು ಮಡಿಯಲ್ಲಿ ಓಡಾಡಿ ಎಲೆ ತುಳಿದರೆ ಬೈಯುತ್ತಿರಲಿಲ್ಲ. ಆದರೆ ಗಡ್ಡೆಗೆ ಊಟ ಹೋಗುವುದೇ ಆ ಹಸಿರು ಎಲೆಯಿಂದ, ಅದನ್ನು ಮುರಿದರೆ ಅಡುಗೆ ಮಾಡುವವರ ಕೈ ಕಟ್ಟಿದಂತಾಗುತ್ತದೆ. ಹಸಿಯಾಗಿ ಮುರಿದ ಕುತ್ತಿಗೆಯಿಂದ ಕೊಳೆಯೂ ಒಳಗೆ ಇಳಿಯುತ್ತದೆ.

ಬೆಳ್ಳಿಗೆರೆ ಥ್ರಿಪ್ಸ್ ನುಸಿಯ ಗುರುತು. ಎಲೆಗಳು ಕೂಡುವ ಸಂದಿಯನ್ನು ಬಿಡಿಸಿ ನೋಡಿದರೆ ಹಳದಿಯ ಸಣ್ಣ ಹುಳುಗಳು ಕಾಣುತ್ತವೆ. ಒಣ ಬಿಸಿಲು ಹೆಚ್ಚಿದಷ್ಟೂ ಇವು ಹೆಚ್ಚುತ್ತವೆ. ಬೆಳಿಗ್ಗೆ ಆ ಸಂದಿಗೆ ತಾಗುವಂತೆ ಜೋರಾಗಿ ನೀರು ಚಿಮುಕಿಸಿರಿ. ವಾರಕ್ಕೊಮ್ಮೆ ಸಂಜೆ, ಲೀಟರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನ ನೀರಿನಲ್ಲಿ ಕಲಸಿ ಸಿಂಪಡಿಸಿರಿ. ಸಂಜೆ ಎಲೆಗೆ ಬರಿ ನೀರು ಹಾಕಿ ರಾತ್ರಿಯಿಡೀ ಒದ್ದೆಯಾಗಿ ಇಡುವ ಅಭ್ಯಾಸ ಬೇಡ, ನೇರಳೆ ಮಚ್ಚೆ ರೋಗಕ್ಕೆ ಅದೇ ಆಹ್ವಾನ. ಅರ್ಧದಷ್ಟು ಗಿಡಗಳ ಕುತ್ತಿಗೆ ತಾನಾಗಿ ಮಲಗಿದ ಮೇಲೆ ನೀರನ್ನು ಪೂರ್ತಿ ನಿಲ್ಲಿಸಿ, ಹತ್ತು ದಿನ ಬಿಟ್ಟು ಕೀಳಿರಿ. ಕಿತ್ತ ಗಡ್ಡೆಯನ್ನು ಬಿಸಿಲಿಗೆ ಬರಿಮೈಯಲ್ಲಿ ಬಿಡದೆ, ಒಂದು ಸಾಲಿನ ಎಲೆ ಇನ್ನೊಂದು ಸಾಲಿನ ಗಡ್ಡೆಯನ್ನು ಮುಚ್ಚುವಂತೆ ಜೋಡಿಸಿ ಒಣಗಿಸಿರಿ.

ಮೈಸೂರು ತಾರಸಿ, ಮಾರ್ಚ್ 21

ಧಾರವಾಡದ ಹಿರಿಯರಿಗೆ ಮತ್ತು ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. 144ರಲ್ಲಿ ಹದಿನೇಳು ಗಿಡಗಳು ನಡುವೆಯೇ ಹೋದವು, ಒಂಬತ್ತು ಹೂದಂಡು ಎತ್ತಿದವು. ಹೂದಂಡು ಎತ್ತಿದವೆಲ್ಲ ನೆಡುವಾಗಲೇ ಪೆನ್ಸಿಲಿಗಿಂತ ದಪ್ಪವಾಗಿದ್ದ ಸಸಿಗಳು ಎಂದು ನನ್ನ ಗುಮಾನಿ. ಉಳಿದ 118 ಗಡ್ಡೆಗಳು ಒಣಗಿದ ಮೇಲೆ 7 ಕಿಲೋ 400 ಗ್ರಾಂ ತೂಗಿದವು. ನುಸಿ ಹೆಚ್ಚಾಗಿ ಹತ್ತಿದ್ದ ಪಶ್ಚಿಮದ ಚೀಲದಲ್ಲಿ ಗಡ್ಡೆಗಳು ನಿಂಬೆಹಣ್ಣಿನಷ್ಟೇ ಆದವು, ಮುಂದಿನ ವರ್ಷ ಅಲ್ಲಿಗೆ ಮೆಂತ್ಯ ಹಾಕುತ್ತೇನೆ. ಗೊಂಚಲು ಹೆಣೆಯಲು ನಾಲ್ಕು ಸಲ ಪ್ರಯತ್ನಿಸಿ ಐದನೆಯ ಸಲ ಒಂದು ನಿಂತಿತು, ಅದನ್ನು ಅಡುಗೆಮನೆಯ ಕಿಟಕಿಗೆ ತೂಗುಹಾಕಿದ್ದೇನೆ. ಅತ್ತೆಯವರು ಅದನ್ನು ನೋಡಿ ಗಂಟಿನ ಮಾತನ್ನು ಮತ್ತೆ ಎತ್ತಲಿಲ್ಲ.

ಇನ್ನೊಂದು ವಿಷಯ. ತಮ್ಮ ಕೊಟ್ಟ ಹಳೆಯ ಬೀಜದಲ್ಲಿ ಒಂದಿಷ್ಟು ಉಳಿದಿತ್ತು. ನಿಮ್ಮ ಮಾತನ್ನು ಪರೀಕ್ಷಿಸುವ ಆಸೆಯಿಂದ ಅದನ್ನೂ ಅದೇ ಅಕ್ಟೋಬರ್ 4ರಂದು ಬೇರೆ ಕುಂಡದಲ್ಲಿ ಬಿತ್ತಿದ್ದೆ. ಇಪ್ಪತ್ತರಲ್ಲಿ ಐದು ಮೊಳೆತವು. ಮಣ್ಣು, ಗೊಬ್ಬರ, ನೀರು ಎಲ್ಲವೂ ಒಂದೇ. ಪಕ್ಕದ ಚೀಲಗಳೆಲ್ಲ ಖಾಲಿಯಾಗಿ ಎರಡು ವಾರಗಳಾದರೂ ಆ ಐದು ಗಿಡಗಳು ಇಂದಿಗೂ ಹಚ್ಚಹಸಿರಾಗಿ ನಿಂತಿವೆ, ಬುಡದಲ್ಲಿ ಉಬ್ಬಿನ ಸುಳಿವೇ ಇಲ್ಲ. ವಾರಕ್ಕೆರಡು ಸಲ ಅವುಗಳ ಎಲೆಯನ್ನು ಕತ್ತರಿಸಿ ಅಕ್ಕಿ ರೊಟ್ಟಿಗೆ ಹಾಕುತ್ತಿದ್ದೇನೆ.